ಬಿಸಿ ಮಾಡಿದರೆ ಎಣ್ಣೆ ತೆಳುವಾಗುತ್ತೆ, ಗಾಳಿ ಮಾತ್ರ ಯಾಕೆ ಉಲ್ಟಾ?

ಕುತೂಹಲಿ_22:
ಒಂದು ವಾರದಿಂದ ತಲೆ ಕೊರೆಯುತ್ತಿರುವ ಪ್ರಶ್ನೆ ಇದು. ಮೊದಲು ನಾನು ಮಾಡಿದ್ದನ್ನು ಹೇಳಿಬಿಡುತ್ತೇನೆ.

ಒಂದು ಲೀಟರ್ ಬಾಟಲಿಯ ಬುಡದ ಹತ್ತಿರ 5 ಮಿಲಿಮೀಟರ್ ತೂತು ಕೊರೆದೆ. ತಣ್ಣೀರು ತುಂಬಿಸಿ ಬೆರಳು ತೆಗೆದೆ. ಖಾಲಿಯಾಗಲು 1 ನಿಮಿಷ 22 ಸೆಕೆಂಡ್. ಬಿಸಿನೀರು ತುಂಬಿಸಿದೆ, 1 ನಿಮಿಷ 21 ಸೆಕೆಂಡ್. ಆ ಒಂದು ಸೆಕೆಂಡ್ ನನ್ನ ಹೆಬ್ಬೆರಳಿನದ್ದೇ ಇರಬೇಕು. ಸರಿ, ನೀರು ಬಿಸಿಯಾದರೆ ಹರಿವಿಗೇನೂ ಆಗುವುದಿಲ್ಲ ಅಂದುಕೊಂಡೆ.

ಮಾರನೇ ದಿನ ಸುಮ್ನೆ 10 ಎಂಎಲ್ ಸಿರಿಂಜ್ ತಗೊಂಡು, ಒಳಗಿನ ದಂಡ ಕಿತ್ತುಹಾಕಿ, ಸಣ್ಣ ಸೂಜಿ ಸಿಕ್ಕಿಸಿ ನೆಟ್ಟಗೆ ನಿಲ್ಲಿಸಿದೆ. ನೀರು ತಾನಾಗೇ ಇಳಿಯಲಿ ಅಂತ ಬಿಟ್ಟೆ. ಮಂಜುಗಡ್ಡೆ ಹಾಕಿಟ್ಟ ನೀರು ಇಳಿಯಲು 9 ನಿಮಿಷ 40 ಸೆಕೆಂಡ್. ಕೋಣೆಯಲ್ಲಿದ್ದ ನೀರಿಗೆ 5 ನಿಮಿಷ 40. ಕೈ ಇಡಲಾಗದಷ್ಟು ಬಿಸಿ ಇದ್ದ ನೀರಿಗೆ 3 ನಿಮಿಷ 20. ಅದೇ ನೀರು, ಅದೇ ಸೂಜಿ. ಮೂರು ಸಲ ಮಾಡಿ ನೋಡಿದೆ, ಹೆಚ್ಚುಕಮ್ಮಿ ಅದೇ ಲೆಕ್ಕ.

ಎರಡು ಪ್ರಶ್ನೆ. ತೂತಿನಲ್ಲಿ ಕಾಣದ ವ್ಯತ್ಯಾಸ ಸೂಜಿಯಲ್ಲಿ ಯಾಕೆ ಕಾಣುತ್ತೆ? ಇನ್ನೊಂದು, ಅನಿಲಗಳನ್ನು ಬಿಸಿ ಮಾಡಿದರೆ ಅವು ಇನ್ನೂ ಮಂದವಾಗುತ್ತವೆ ಅಂತ ಓದಿದೆ. ಬಿಸಿ ಗಾಳಿ ಹಗುರಾಗಿ ಮೇಲೇರುತ್ತೆ, ಅದು ಮಂದ ಹೇಗಾಗುತ್ತೆ? ಅಚ್ಚಿನ ತಪ್ಪಿರಬೇಕು ಅನ್ನಿಸಿತು.

ಸುಮ್ನೆ_ಓದೋನು:
ಅಚ್ಚಿನ ತಪ್ಪೇ ಇರುತ್ತೆ ಬಿಡಿ. ಬಿಸಿ ಮಾಡಿದರೆ ಎಲ್ಲವೂ ತೆಳುವಾಗುತ್ತೆ. ಟಾರು, ಮೇಣ, ಗ್ರೀಸು, ಯಾವುದು ಬೇಕಾದರೂ ನೋಡಿ.

ಗ್ರೀಸ್_ಕೈ:
ನೀರಿನಲ್ಲಿ ಇಷ್ಟು ವ್ಯತ್ಯಾಸ ಕಂಡರೆ ಎಣ್ಣೆಯಲ್ಲಿ ನೋಡಿ ಸ್ವಾಮಿ. ಚಳಿಯಲ್ಲಿ ರಾತ್ರಿಯಿಡೀ ನಿಂತ ಗಾಡಿಯ ಆಯಿಲ್ ಬೆಳಿಗ್ಗೆ ಬಿಚ್ಚಿದರೆ ಹಗ್ಗದ ಹಾಗೆ ಇಳಿಯುತ್ತೆ. ಅದೇ ಗಾಡಿ ಹತ್ತು ಕಿಲೋಮೀಟರ್ ಓಡಿಸಿ ಬಂದು ಬಿಚ್ಚಿದರೆ ನೀರಿನ ಹಾಗೆ ಸುರಿದು, ತಟ್ಟೆ ಇಡುವಷ್ಟರಲ್ಲಿ ಮೊಣಕೈವರೆಗೂ ಬಂದಿರುತ್ತೆ. ಆಯಿಲ್ ಬದಲಿಸೋಕೆ ಮುಂಚೆ ಇಂಜಿನ್ ಬೆಚ್ಚಗೆ ಮಾಡಿ ಅಂತ ಹೇಳೋದು ಅದಕ್ಕೇ, ಕೊಳೆಯೂ ಜೊತೆಗೇ ಇಳಿದುಬಿಡುತ್ತೆ.

ಪಾಠದ_ಮೇಷ್ಟ್ರು:
ಅಚ್ಚಿನ ತಪ್ಪಲ್ಲ. ಓದಿದ್ದು ಸರಿಯಾಗೇ ಇದೆ.

ಮೊದಲು ಒಂದು ಗೊಂದಲ ಬಿಡಿಸೋಣ, ಇಲ್ಲದಿದ್ದರೆ ಈ ಚರ್ಚೆ ಎಲ್ಲಿಗೂ ಹೋಗಲ್ಲ. ನಾವು ‘ದಪ್ಪ’, ‘ಗಟ್ಟಿ’, ‘ಮಂದ’ ಅಂತ ಎರಡು ಬೇರೆ ಬೇರೆ ಗುಣಗಳಿಗೆ ಒಂದೇ ಮಾತು ಬಳಸುತ್ತೇವೆ. ಒಂದು ಲೀಟರ್ ಎಷ್ಟು ತೂಗುತ್ತೆ ಅನ್ನುವುದು ಸಾಂದ್ರತೆ. ಹರಿಯುವಾಗ ಒಂದು ಪದರ ಪಕ್ಕದ ಪದರವನ್ನು ಎಷ್ಟು ಹಿಡಿದೆಳೆಯುತ್ತೆ ಅನ್ನುವುದು ಸ್ನಿಗ್ಧತೆ. ಇವೆರಡಕ್ಕೂ ಸಂಬಂಧವೇ ಇರಬೇಕೆಂದಿಲ್ಲ. ಪಾದರಸ ನೀರಿಗಿಂತ 13.6 ಪಟ್ಟು ಭಾರ. ಆದರೆ ಅದರ ಸ್ನಿಗ್ಧತೆ ನೀರಿನ ಒಂದೂವರೆ ಪಟ್ಟು ಅಷ್ಟೇ, ನೆಲಕ್ಕೆ ಬಿದ್ದರೆ ಹೇಗೆ ಓಡುತ್ತೆ ನೋಡಿದವರಿಗೆ ಗೊತ್ತು. ಇಂಜಿನ್ ಆಯಿಲ್ ನೀರಿನ ಮೇಲೆ ತೇಲುತ್ತೆ, ಅಂದರೆ ಹಗುರ. ಹರಿಯುವ ವಿಷಯಕ್ಕೆ ಬಂದರೆ ನೀರಿಗಿಂತ ನೂರು ಪಟ್ಟಿಗೂ ಜಾಸ್ತಿ ಮಂದ.

ಬಿಸಿ ಗಾಳಿ ಮೇಲೇರುವುದು ಸಾಂದ್ರತೆ ಕಡಿಮೆಯಾಗುವುದರಿಂದ. ಸ್ನಿಗ್ಧತೆಯ ಕತೆಯೇ ಬೇರೆ.

ನೀರಿನ ಸ್ನಿಗ್ಧತೆಯ ಅಂಕಿ ಕೊಡುತ್ತೇನೆ, ಅದನ್ನು ಅಳೆಯುವ ಮಿಲಿಪ್ಯಾಸ್ಕಲ್ ಸೆಕೆಂಡ್ ಲೆಕ್ಕದಲ್ಲಿ. 0 ಡಿಗ್ರಿಯಲ್ಲಿ 1.79. 20 ಡಿಗ್ರಿಯಲ್ಲಿ ಹೆಚ್ಚುಕಮ್ಮಿ 1. 60ರಲ್ಲಿ 0.47. ಕುದಿಯುವಾಗ 0.28. ಅಂದರೆ ಹೆಪ್ಪುಗಟ್ಟುವ ಹಂತದಿಂದ ಕುದಿಯುವ ಹಂತಕ್ಕೆ ಬರುವಷ್ಟರಲ್ಲಿ ಆರರಲ್ಲೊಂದು ಪಾಲಿಗಿಂತ ಕಡಿಮೆ ಉಳಿಯುತ್ತೆ. ನಿಮ್ಮ ಸಿರಿಂಜ್ ಹೇಳಿದ್ದೂ ಇದನ್ನೇ.

ಗಾಳಿಯದ್ದು ಇದೇ ಲೆಕ್ಕದಲ್ಲಿ 20 ಡಿಗ್ರಿಗೆ 0.018, 100 ಡಿಗ್ರಿಗೆ 0.022. ಜಾಸ್ತಿ ಆಯ್ತು ನೋಡಿ.

ಕುತೂಹಲಿ_22:
ಮೇಷ್ಟ್ರೇ, ಅಂಕಿ ಒಪ್ಪಿದೆ. ಕಾರಣ?

ಪಾಠದ_ಮೇಷ್ಟ್ರು:
ದ್ರವವನ್ನು ತುಂಬಿ ತುಳುಕುವ ಬಸ್ಸು ಅಂದುಕೊಳ್ಳಿ. ನೀವು ಹಿಂದಿನಿಂದ ಬಾಗಿಲಿಗೆ ಬರಬೇಕು. ಮುಂದಿನವರು ಒಂದು ಚೂರು ಜಾಗ ಬಿಟ್ಟರೆ ಮಾತ್ರ ಒಂದು ಹೆಜ್ಜೆ. ಅಣುಗಳೂ ಹಾಗೇ, ಒತ್ತಿಕೊಂಡು, ಒಂದನ್ನೊಂದು ಹಿಡಿದುಕೊಂಡು ಇರುತ್ತವೆ. ಬಿಸಿ ಮಾಡಿದರೆ ಅವುಗಳ ಕುಣಿತ ಜಾಸ್ತಿಯಾಗಿ ಹಿಡಿತ ಸಡಿಲವಾಗುತ್ತೆ, ಆಗಾಗ ಸಂದು ಬಿಡುತ್ತೆ, ಜಾರಿಕೊಳ್ಳುವುದು ಸುಲಭ. ಅದಕ್ಕೇ ತೆಳುವಾಗುತ್ತೆ.

ಅನಿಲದಲ್ಲಿ ಹಿಡಿತವೇ ಇಲ್ಲ, ಬಸ್ಸು ಖಾಲಿ. ಹಾಗಾದರೆ ಅಡ್ಡಿ ಎಲ್ಲಿಂದ ಬರುತ್ತೆ? ಪಕ್ಕಪಕ್ಕದಲ್ಲಿ ಎರಡು ಕನ್ವೇಯರ್ ಬೆಲ್ಟ್ ಓಡುತ್ತಿವೆ ಅಂದುಕೊಳ್ಳಿ, ಒಂದು ಜೋರಾಗಿ, ಒಂದು ನಿಧಾನವಾಗಿ. ಎರಡರ ಮೇಲೂ ಮಕ್ಕಳು ನಿಂತಿದ್ದಾರೆ, ಬೆಲ್ಟಿನಿಂದ ಬೆಲ್ಟಿಗೆ ಹಾರುತ್ತಾ ಆಟವಾಡುತ್ತಿದ್ದಾರೆ. ನಿಧಾನದ ಬೆಲ್ಟಿನಿಂದ ಜೋರಿನದ್ದಕ್ಕೆ ಹಾರಿದ ಮಗು ತನ್ನ ನಿಧಾನವನ್ನೂ ಜೊತೆಗೆ ತರುತ್ತೆ, ಆ ಬೆಲ್ಟ್ ಅದನ್ನು ಎಳೆದುಕೊಂಡು ಓಡಬೇಕು. ಆ ಕಡೆಯಿಂದ ಈ ಕಡೆ ಹಾರಿದ ಮಗು ಈ ಬೆಲ್ಟನ್ನು ಮುಂದಕ್ಕೆ ತಳ್ಳುತ್ತೆ. ಯಾರೂ ಯಾರ ಕೈಯನ್ನೂ ಹಿಡಿದಿಲ್ಲ, ಆದರೂ ಎರಡು ಬೆಲ್ಟ್‌ಗಳ ವೇಗ ಒಂದಕ್ಕೊಂದು ಹತ್ತಿರ ಬರುತ್ತೆ. ಅನಿಲದ ಸ್ನಿಗ್ಧತೆ ಅಂದರೆ ಇಷ್ಟೇ. ಬಿಸಿ ಮಾಡಿದರೆ ಮಕ್ಕಳ ಹಾರಾಟ ಜಾಸ್ತಿ. ಹಾರಾಟ ಜಾಸ್ತಿ ಅಂದರೆ ಅಡ್ಡಿಯೂ ಜಾಸ್ತಿ.

ಸುಮ್ನೆ_ಓದೋನು:
ಸರಿ, ಮಕ್ಕಳ ವಿಷಯಕ್ಕೆ ಸೋತೆ. ಹಾಗಾದರೆ ಗಾಳಿಯನ್ನು ಒತ್ತಿ ತುಂಬಿದರೆ, ಮಕ್ಕಳ ಸಂಖ್ಯೆ ಎರಡು ಪಟ್ಟಾದರೆ, ಅಡ್ಡಿಯೂ ಎರಡು ಪಟ್ಟು ತಾನೇ?

ಪಾಠದ_ಮೇಷ್ಟ್ರು:
ಇಲ್ಲ! ಒಳ್ಳೇ ಕಡೆ ಕೈ ಇಟ್ಟಿರಿ. ಭೌತವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಎಡವಿದ್ದೂ ಇಲ್ಲೇ.

1860ರಲ್ಲಿ ಅವನು ಲೆಕ್ಕ ಹಾಕಿದಾಗ ಬಂದ ಉತ್ತರ ಏನಂದರೆ, ಅನಿಲದ ಸ್ನಿಗ್ಧತೆ ಒತ್ತಡದ ಮೇಲೆ ನಿಂತಿಲ್ಲ. ಅರ್ಧದಷ್ಟು ಗಾಳಿ ತೆಗೆದುಹಾಕಿದರೂ ಅಷ್ಟೇ ಅಡ್ಡಿ. ಅವನಿಗೇ ನಂಬಿಕೆ ಬರಲಿಲ್ಲ. ಲಂಡನ್ನಿನ ತನ್ನ ಮನೆಯ ಅಟ್ಟದಲ್ಲಿ ಉಪಕರಣ ಕೂರಿಸಿ ತಾನೇ ಅಳೆಯಲು ಹೊರಟ. ಒಂದು ತಂತಿಯಿಂದ ಗಾಜಿನ ಬಿಲ್ಲೆಗಳನ್ನು ತೂಗುಬಿಟ್ಟು, ತಿರುಚಿ ಬಿಟ್ಟು, ಅವುಗಳ ತೂಗಾಟ ಎಷ್ಟು ಬೇಗ ಸಾಯುತ್ತೆ ಅಂತ ನೋಡುವುದು. ಬೆಂಕಿ ಉರಿಸಿ, ಹಬೆ ಹಾಯಿಸಿ, ಶಾಖ ಕಾಯ್ದುಕೊಳ್ಳುವ ಕೆಲಸ ಅವನ ಹೆಂಡತಿ ಕ್ಯಾಥರೀನಳದ್ದು. 1866ರಲ್ಲಿ ಪ್ರಕಟವಾದ ಫಲಿತಾಂಶ ಲೆಕ್ಕ ಹೇಳಿದ್ದನ್ನೇ ಹೇಳಿತು. ಒತ್ತಡ ಕಡಿಮೆ ಮಾಡಿದರೂ ಸ್ನಿಗ್ಧತೆ ಅಲ್ಲಾಡಲಿಲ್ಲ. ಬಿಸಿ ಮಾಡಿದರೆ ಮಾತ್ರ ಏರಿತು. ಅಣುಗಳು ಅನ್ನುವುದೇ ಸುಳ್ಳು ಅಂತ ವಾದಿಸುವವರಿದ್ದ ಕಾಲ ಅದು, ಇಂಥ ವಿಚಿತ್ರ ಮಾತು ಅಳತೆಯಲ್ಲಿ ನಿಜವಾಗಿದ್ದು ಸಣ್ಣ ವಿಷಯವಲ್ಲ.

ಕಾರಣ ಸರಳ. ಮಕ್ಕಳು ಎರಡು ಪಟ್ಟಾದರೆ ಡಿಕ್ಕಿಗಳೂ ಜಾಸ್ತಿ, ಪ್ರತಿ ಮಗುವೂ ಅರ್ಧ ದೂರ ಮಾತ್ರ ಹಾರಲು ಸಾಧ್ಯ. ಅರ್ಧ ದೂರದಿಂದ ಬಂದ ಮಗು ತರುವ ವೇಗದ ವ್ಯತ್ಯಾಸವೂ ಅರ್ಧ. ಒಂದು ದುಪ್ಪಟ್ಟು, ಇನ್ನೊಂದು ಅರ್ಧ, ಹೊಡೆದುಹೋಯಿತು. ನಮ್ಮ ಸುತ್ತಲಿನ ಗಾಳಿಯಲ್ಲಿ ಒಂದು ಅಣು ಡಿಕ್ಕಿಯಿಲ್ಲದೆ ಹೋಗುವ ದೂರ ಸುಮಾರು 70 ನ್ಯಾನೋಮೀಟರ್ ಅಷ್ಟೇ. ಗಾಳಿಯನ್ನು ಪೂರಾ ಹೀರಿಬಿಟ್ಟರೆ, ಅಥವಾ ನೂರಾರು ಪಟ್ಟು ಅದುಮಿದರೆ, ಈ ಲೆಕ್ಕ ನಡೆಯಲ್ಲ. ನಡುವಿನ ವ್ಯಾಪ್ತಿಗೆ ಮಾತ್ರ.

ಪೈಪ್_ಲೈನ್:
ತೂತು ಮತ್ತು ಸೂಜಿಯ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನನಗೆ ಅದೇ ಮುಖ್ಯ ಅನ್ನಿಸುತ್ತೆ. ‘ಬಿಸಿಯಾದರೆ ಬೇಗ ಹರಿಯುತ್ತೆ’ ಅನ್ನುವ ಮಾತು ಅರ್ಧ ನಿಜ ಮಾತ್ರ, ಎಲ್ಲಿ ಹರಿಯುತ್ತಿದೆ ಅಂತ ಕೇಳದೆ ಅದನ್ನು ಹೇಳಬಾರದು.

ತೂತಿನಲ್ಲಿ ನೀರು ಗೋಡೆಗೆ ತಾಗಿ ಉಜ್ಜುವುದು ಎಷ್ಟು? ಬಾಟಲಿಯ ಗೋಡೆ ಒಂದು ಮಿಲಿಮೀಟರ್ ದಪ್ಪವೂ ಇಲ್ಲ. ಮೇಲಿನ ನೀರಿನ ಒತ್ತಡವೆಲ್ಲಾ ನೀರಿಗೆ ವೇಗ ಕೊಡುವುದಕ್ಕೇ ಖರ್ಚಾಗುತ್ತೆ. ವೇಗ ಕೊಡುವುದಕ್ಕೆ ತಡೆ ಅಂದರೆ ನೀರಿನ ತೂಕ, ಮಂದತನ ಅಲ್ಲ. ಬಿಸಿ ಮಾಡಿದರೆ ನೀರಿನ ತೂಕ ಹೆಚ್ಚೇನೂ ಬದಲಾಗಲ್ಲ. ಹಾಗಾಗಿ ಸಮಯವೂ ಅದೇ.

ಸೂಜಿ ಹಾಗಲ್ಲ. ನಾಲ್ಕು ಸೆಂಟಿಮೀಟರ್ ಉದ್ದ, ಅರ್ಧ ಮಿಲಿಮೀಟರ್ ಅಗಲ. ಒಳಗೆ ನೀರಿನ ಯಾವ ಕಣವೂ ಗೋಡೆಯಿಂದ ಕಾಲು ಮಿಲಿಮೀಟರಿಗಿಂತ ದೂರ ಇರಲು ಸಾಧ್ಯವೇ ಇಲ್ಲ. ಗೋಡೆಗೆ ತಾಗಿದ ಪದರ ಅಲ್ಲೇ ಅಂಟಿ ನಿಂತಿರುತ್ತೆ, ಅದರ ಮೇಲಿನದ್ದು ನಿಧಾನ, ನಡುವಿನದ್ದು ಜೋರು. ಒತ್ತಡವೆಲ್ಲಾ ಈ ಉಜ್ಜಾಟಕ್ಕೇ ಹೋಗುತ್ತೆ. ಇಲ್ಲಿ ಸ್ನಿಗ್ಧತೆಯದ್ದೇ ದರ್ಬಾರು.

ಯಾವ ಕಡೆ ಯಾರ ದರ್ಬಾರು ಅಂತ ತಿಳಿಯಲು ರೆನಾಲ್ಡ್ಸ್ ಸಂಖ್ಯೆ ಇದೆ. ವೇಗ, ಅಗಲ, ಸಾಂದ್ರತೆ ಮೂರನ್ನೂ ಗುಣಿಸಿ ಸ್ನಿಗ್ಧತೆಯಿಂದ ಭಾಗಿಸಿ. ದೊಡ್ಡ ಅಂಕಿ ಬಂದರೆ ತೂಕದ ದರ್ಬಾರು, ಸಣ್ಣದು ಬಂದರೆ ಸ್ನಿಗ್ಧತೆಯದ್ದು. ನಿಮ್ಮ ತೂತಿಗೆ ಸುಮಾರು 7,500 ಬರುತ್ತೆ. ಸೂಜಿಗೆ ನೂರರ ಒಳಗೆ. 1883ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಮ್ಯಾಂಚೆಸ್ಟರಿನಲ್ಲಿ ಗಾಜಿನ ಕೊಳವೆಯ ನೀರಿನ ನಡುವೆ ಬಣ್ಣದ ಎಳೆ ಬಿಟ್ಟು ನೋಡಿದ. ನಿಧಾನ ಹರಿವಿನಲ್ಲಿ ಎಳೆ ದಾರದ ಹಾಗೆ ನೆಟ್ಟಗೆ ಹೋಯಿತು. ನಲ್ಲಿ ಇನ್ನಷ್ಟು ತಿರುಗಿಸಿದಾಗ ಒಂದು ಹಂತದಲ್ಲಿ ನಡುಗಿ, ಒಡೆದು, ಕೊಳವೆ ತುಂಬಾ ಬಣ್ಣ ಕಲಸಿತು. ಸಾಮಾನ್ಯ ಪೈಪಿನಲ್ಲಿ ಈ ಬದಲಾವಣೆ 2,000ದ ಆಚೆ ಈಚೆ ಶುರು.

ಬಚ್ಚಲಿನ ಪೈಪು, ತೋಟದ ಹೋಸು, ಇವೆಲ್ಲ ಸಾಮಾನ್ಯವಾಗಿ ಸುಳಿಯ ಹರಿವಿನವೇ, ಅಂದರೆ ಬಣ್ಣ ಬಿಟ್ಟರೆ ಕಲಸಿಹೋಗುವಂಥವು. ಅಲ್ಲಿ ನೀರಿನ ಸ್ನಿಗ್ಧತೆ ಅರ್ಧಕ್ಕಿಳಿದರೂ ನುಣುಪು ಪೈಪಿನ ಉಜ್ಜಾಟ ಕಡಿಮೆಯಾಗುವುದು ನೂರಕ್ಕೆ 16ರಷ್ಟು ಮಾತ್ರ. ಸೂಜಿಯಲ್ಲಾದರೆ ನೇರ ಅರ್ಧ.

ರಾತ್ರಿ_ಪಾಳಿ:
ಇದನ್ನು ಓದಿ ಸಮಾಧಾನ ಆಯ್ತು, ವಾರ್ಡಿನಲ್ಲಿ ದಿನಾ ನೋಡುವುದಕ್ಕೆ ಕಾರಣ ಸಿಕ್ಕಿತು. ಫ್ರಿಜ್ಜಿನಿಂದ ತಂದ ರಕ್ತದ ಚೀಲ ನೇತುಹಾಕಿದರೆ ಹನಿ ಬೀಳುವುದೇ ಕಷ್ಟ. 2ರಿಂದ 6 ಡಿಗ್ರಿಯಲ್ಲಿ ಇಟ್ಟಿರುತ್ತೇವೆ. ಅದೇ ಕ್ಯಾನುಲಾದಲ್ಲಿ (ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಸಲೈನ್ ಓಡಿಬಿಡುತ್ತೆ. ಮೊದಮೊದಲು ಸೂಜಿ ಬ್ಲಾಕ್ ಆಗಿದೆ ಅಂದುಕೊಂಡು ಒಂದೆರಡು ಸಲ ಸುಮ್ನೆ ಬದಲಿಸಿದ್ದೂ ಉಂಟು, ಆ ರೋಗಿಗಳು ಕ್ಷಮಿಸಲಿ.

ಒಂದು ಎಚ್ಚರಿಕೆ. ಇದನ್ನು ಓದಿ ಯಾರೂ ರಕ್ತದ ಚೀಲವನ್ನು ಬಿಸಿನೀರಿನಲ್ಲಿ ಇಡುವ ಯೋಚನೆ ಮಾಡಬೇಡಿ. ರಕ್ತಕಣ ಒಡೆದುಹೋಗುತ್ತೆ. ಅದಕ್ಕೆಂದೇ ವಾರ್ಮರ್ ಇರುತ್ತೆ. ಬೇಗ ಕೊಡಬೇಕಾದರೆ ನಾವು ಮೊದಲು ನೋಡುವುದು ದಪ್ಪ ಕ್ಯಾನುಲಾ ಇದೆಯಾ ಅಂತ.

ಪೈಪ್_ಲೈನ್:
ಸಿಸ್ಟರ್, ದಪ್ಪ ಕ್ಯಾನುಲಾ ಅಂದಿರಲ್ಲ, ಅದರ ಹಿಂದೆ ಪ್ವಾಸೇಯ್ ಅನ್ನುವ ಫ್ರೆಂಚ್ ವೈದ್ಯ ಇದ್ದಾನೆ. ಸಣ್ಣ ರಕ್ತನಾಳಗಳಲ್ಲಿ ರಕ್ತ ಹೇಗೆ ಹರಿಯುತ್ತೆ ಅನ್ನುವ ಕುತೂಹಲಕ್ಕೆ 1840ರ ಸುಮಾರಿಗೆ ಕೂದಲಿನಂಥ ಗಾಜಿನ ಕೊಳವೆಗಳಲ್ಲಿ ನೀರು ಬಿಟ್ಟು ಅಳೆದವನು. 1839ರಲ್ಲೇ ಹಾಗೆನ್ ಅನ್ನುವ ಜರ್ಮನ್ ಇಂಜಿನಿಯರ್ ಬೇರೆಯಾಗಿ ಅದೇ ಕಡೆ ಬಂದಿದ್ದ. ಇಬ್ಬರಿಗೂ ಸಿಕ್ಕಿದ್ದು ಒಂದೇ ಮಾತು. ಅಗಲ ಅರ್ಧ ಮಾಡಿದರೆ ಹರಿವು ಅರ್ಧವಲ್ಲ, ಕಾಲು ಭಾಗವೂ ಅಲ್ಲ, ಹದಿನಾರರಲ್ಲಿ ಒಂದು. ಅಗಲದ ನಾಲ್ಕನೇ ಘಾತ.

ಬಿಸಿ ಮಾಡಿ ನೀರಿನ ಹರಿವನ್ನು ಹೆಚ್ಚೆಂದರೆ ಆರೂವರೆ ಪಟ್ಟು ಏರಿಸಬಹುದು. ಕೊಳವೆಯ ಅಗಲ ಎರಡು ಪಟ್ಟು ಮಾಡಿದರೆ ಹದಿನಾರು ಪಟ್ಟು ಸಿಗುತ್ತೆ. ಹಾಗಾಗಿ ‘ಎಣ್ಣೆ ಬರುತ್ತಿಲ್ಲ, ಬಿಸಿ ಮಾಡೋಣ’ ಅನ್ನುವವರಿಗೆ ನಾನು ಮೊದಲು ಪೈಪ್ ಬಿಚ್ಚಿ ಒಳಗೆ ಏನು ಕಟ್ಟಿಕೊಂಡಿದೆ ನೋಡಿ ಅನ್ನುತ್ತೇನೆ.

ಬಣ್ಣದ_ಡಬ್ಬಿ:
ನನ್ನದೊಂದು ಮಾನ ಹೋದ ಕತೆ ಇದೆ, ಹೇಳಲೇ?

ಸ್ಪ್ರೇ ಪೇಂಟ್ ಕೆಲಸ ನನ್ನದು. ಬಣ್ಣ ಎಷ್ಟು ತೆಳುವಿದೆ ಅಂತ ನೋಡಲು ಫೋರ್ಡ್ ಕಪ್ ಇಟ್ಟುಕೊಂಡಿರುತ್ತೇವೆ. ತಳದಲ್ಲಿ ತೂತಿರುವ ಸಣ್ಣ ಲೋಹದ ಬಟ್ಟಲು. ಬೆರಳಿಂದ ತೂತು ಮುಚ್ಚಿ, ಅಂಚಿನ ತನಕ ಬಣ್ಣ ತುಂಬಿಸಿ, ಬೆರಳು ತೆಗೆದ ಕ್ಷಣದಿಂದ ಧಾರೆ ಕಡಿಯುವ ತನಕ ಸೆಕೆಂಡ್ ಎಣಿಸಬೇಕು. ಚಳಿಗಾಲದ ಬೆಳಿಗ್ಗೆ ಆರೂವರೆಗೆ ಶೆಡ್ಡಿನಲ್ಲಿ ಎಣಿಸಿದೆ. ಸೆಕೆಂಡು ಮುಗಿಯಲೇ ಇಲ್ಲ. ಥಿನ್ನರ್ ಹಾಕಿದೆ, ಮತ್ತೆ ಎಣಿಸಿದೆ, ಮತ್ತೆ ಹಾಕಿದೆ. ಕೊನೆಗೆ ಸರಿಯಾದ ಲೆಕ್ಕಕ್ಕೆ ಬಂತು. ಡಬ್ಬಿ ಮುಚ್ಚಿ ಬೇರೆ ಕೆಲಸಕ್ಕೆ ಹೋದೆ. ಮಧ್ಯಾಹ್ನ ತಗಡಿನ ಶೆಡ್ಡು ಕಾದ ಮೇಲೆ ಅದೇ ಡಬ್ಬಿ ತೆಗೆದು ಗನ್ನಿಗೆ ತುಂಬಿಸಿ ಹೊಡೆದೆ. ಬಾಗಿಲಿನ ಮೇಲೆ ಬಣ್ಣ ನಿಲ್ಲಲೇ ಇಲ್ಲ. ಮೊದಲು ಮೇಣದಬತ್ತಿಯ ಹನಿಯ ಹಾಗೆ ಒಂದು, ಆಮೇಲೆ ಸಾಲಾಗಿ, ಕೆಳಗಿನವರೆಗೂ ಕಣ್ಣೀರಿಟ್ಟ ಹಾಗೆ ಇಳಿಯಿತು. ಇಡೀ ಬಾಗಿಲು ಉಜ್ಜಿ ಮತ್ತೆ ಮಾಡಿದ್ದು.

ಕಪ್ಪಿನ ಲೆಕ್ಕ 25 ಡಿಗ್ರಿಗೆ ಅಂತ ಬರೆದಿದ್ದು ಓದಿದ್ದೆ. ಅದು ಸುಮ್ನೆ ಬರೆದಿದ್ದಾರೆ ಅಂದುಕೊಂಡಿದ್ದೆ. ಈಗ ಡಬ್ಬಿಯ ಪಕ್ಕ ಥರ್ಮಾಮೀಟರ್ ಇದೆ.

ಪಾಠದ_ಮೇಷ್ಟ್ರು:
ನಿಮ್ಮ ಬಾಗಿಲಿಗೆ ಹೊಂದುವ ಅಂಕಿ ನನ್ನ ಹತ್ತಿರ ಇದೆ, ಬಣ್ಣದ್ದಲ್ಲ, ಹರಳೆಣ್ಣೆಯದ್ದು. 10 ಡಿಗ್ರಿಯಲ್ಲಿ ಅದರ ಸ್ನಿಗ್ಧತೆ 20 ಡಿಗ್ರಿಯ ನೀರಿನ ಸುಮಾರು 2,400 ಪಟ್ಟು. 20ರಲ್ಲಿ ಸಾವಿರದ ಹತ್ತಿರ. 40ಕ್ಕೆ ಬಂದರೆ 230. ಮೂವತ್ತು ಡಿಗ್ರಿ ವ್ಯತ್ಯಾಸಕ್ಕೆ ಹತ್ತು ಪಟ್ಟು. ಅದೇ ಮೂವತ್ತು ಡಿಗ್ರಿಗೆ ನೀರು ಅರ್ಧಕ್ಕೆ ಇಳಿಯುತ್ತೆ ಅಷ್ಟೇ. ಮಂದ ದ್ರವಗಳು ಶಾಖಕ್ಕೆ ಹೆಚ್ಚು ಸೂಕ್ಷ್ಮ ಅನ್ನುವುದು ಸಾಮಾನ್ಯವಾಗಿ ನಿಜ.

ಗ್ರೀಸ್_ಕೈ:
ಇದೇ ಜಾಗದಲ್ಲಿ ನನ್ನದೊಂದು ಕೂಗು. 10ಡಬ್ಲ್ಯೂ-40 ಆಯಿಲ್ ಡಬ್ಬಿ ತೋರಿಸಿ ‘ಇದು ಚಳಿಯಲ್ಲಿ 10ರಷ್ಟು ತೆಳು, ಬಿಸಿಯಲ್ಲಿ 40ರಷ್ಟು ದಪ್ಪ ಆಗುತ್ತೆ’ ಅಂತ ಹೇಳುವವರು ದಿನಕ್ಕೊಬ್ಬರು ಸಿಗುತ್ತಾರೆ. ಯಾವ ಇಂಜಿನ್ ಆಯಿಲೂ ಬಿಸಿಯಾದರೆ ದಪ್ಪ ಆಗಲ್ಲ ಮಾರಾಯ್ರೇ! ಆ ಅಂಕಿಗಳು ಆಯಿಲಿನ ದರ್ಜೆ, ದೊಡ್ಡದಾದಷ್ಟು ಮಂದ. ಡಬ್ಲ್ಯೂ ಅಂದರೆ ವಿಂಟರ್. ಚಳಿಯಲ್ಲಿ 10ರ ಆಯಿಲಿನ ಹಾಗೆ ವರ್ತಿಸುತ್ತೆ, 100 ಡಿಗ್ರಿಯಲ್ಲಿ 40ರ ಆಯಿಲಿನಷ್ಟೇ ಮಂದ ಉಳಿದುಕೊಳ್ಳುತ್ತೆ, ಅಷ್ಟೇ. ಸಾಮಾನ್ಯವಾಗಿ 40 ಡಿಗ್ರಿಯಲ್ಲಿ 90-100 ಸೆಂಟಿಸ್ಟೋಕ್ಸ್ (ಸ್ನಿಗ್ಧತೆಯ ಇನ್ನೊಂದು ಅಳತೆ) ಇರುವ ಆಯಿಲು 100 ಡಿಗ್ರಿಗೆ 14ರ ಸುಮಾರಿಗೆ ಇಳಿದಿರುತ್ತೆ. ತೆಳುವಾಗುವುದು ತೆಳುವಾಗುತ್ತೆ, ಆದರೆ ಬರೀ 10ರ ಆಯಿಲಿನಷ್ಟು ನೀರಾಗಲ್ಲ. ಒಳಗೆ ಉದ್ದುದ್ದ ಸರಪಳಿಯ ಪಾಲಿಮರ್ ಬೆರೆಸಿರುತ್ತಾರೆ. ಚಳಿಯಲ್ಲಿ ಮುದುಡಿ ಕೂತಿರುತ್ತೆ, ಬಿಸಿಯಲ್ಲಿ ಬಿಚ್ಚಿಕೊಂಡು ಅಡ್ಡ ಬರುತ್ತೆ.

ಲ್ಯಾಬ್_ಅಕ್ಕ:
‘ಯಾವ ದ್ರವವೂ ಬಿಸಿಯಾದರೆ ದಪ್ಪ ಆಗಲ್ಲ’ ಅಂತ ಎಲ್ಲರೂ ಒಪ್ಪಿಕೊಳ್ಳುವ ಮುಂಚೆ ನಾನು ಗಂಧಕ ತರುತ್ತೇನೆ.

ಪ್ರನಾಳದಲ್ಲಿ ಗಂಧಕದ ಪುಡಿ ಹಾಕಿ ನಿಧಾನವಾಗಿ ಕಾಯಿಸಿ. 115 ಡಿಗ್ರಿ ದಾಟಿದ ಮೇಲೆ ಕರಗಿ ತಿಳಿ ಹಳದಿ ದ್ರವ ಆಗುತ್ತೆ. ಸಲೀಸಾಗಿ ಆಚೆ ಈಚೆ ಓಡುತ್ತೆ. ಇನ್ನೂ ಕಾಯಿಸಿ. 160ರ ಹತ್ತಿರ ಬಂದಾಗ ಬಣ್ಣ ಕೆಂಪಿಗೆ ತಿರುಗಿ, ನೋಡ್ತಾ ನೋಡ್ತಾ ಓಡಾಟ ನಿಲ್ಲುತ್ತೆ. 190ರ ಸುಮಾರಿಗೆ ಪ್ರನಾಳ ತಲೆಕೆಳಗೆ ಹಿಡಿದರೂ ಕೆಳಗೆ ಬೀಳಲ್ಲ. ಮೊದಲ ಸಲ ನೋಡಿದಾಗ ಏನೋ ಹಾಳಾಯ್ತು ಅಂತ ಬರ್ನರ್ ಆರಿಸಿಬಿಟ್ಟಿದ್ದೆ. ಆರಿಸದೆ ಕಾಯಿಸುತ್ತಾ ಹೋದರೆ ಮತ್ತೆ ತೆಳುವಾಗಿ 445 ಡಿಗ್ರಿಯಲ್ಲಿ ಕುದಿಯುತ್ತೆ.

ಆಗುವುದೇನೆಂದರೆ, ಗಂಧಕದ ಅಣು ಎಂಟು ಪರಮಾಣುಗಳ ಬಳೆ. ಬಳೆಗಳು ಒಂದರ ಮೇಲೊಂದು ಸುಲಭವಾಗಿ ಜಾರುತ್ತವೆ. 160 ದಾಟಿದಾಗ ಬಳೆಗಳು ಒಡೆದು, ತುದಿಗಳು ಒಂದಕ್ಕೊಂದು ಸೇರಿ ಭಾರೀ ಉದ್ದದ ಸರಪಳಿಗಳಾಗಿ ಗೋಜಲಾಗುತ್ತವೆ. ಇನ್ನೂ ಬಿಸಿಯಾದಾಗ ಸರಪಳಿಗಳೂ ತುಂಡಾಗುತ್ತವೆ. ಅಂದರೆ ಬಿಸಿ ಹಿಡಿತ ಸಡಿಲಿಸುತ್ತೆ ಅನ್ನುವುದು ಸುಳ್ಳಾಗಲಿಲ್ಲ, ಅಣುವೇ ಬೇರೆ ಆಯ್ತು. ಮನೆಯಲ್ಲಿ ಮಾಡಬೇಡಿ, ಹೊಗೆಗೆ ಉಸಿರು ಕಟ್ಟುತ್ತೆ, ಬೆಂಕಿಯೂ ಹೊತ್ತಿಕೊಳ್ಳುತ್ತೆ.

ಸುಮ್ನೆ_ಓದೋನು:
ಅಕ್ಕಾ, ತಲೆಕೆಳಗೆ ಹಿಡಿದರೂ ಬೀಳಲ್ಲ ಅಂದರೆ ಅದು ದ್ರವ ಹೇಗೆ? ಹಾಗಾದರೆ ಕಿಟಕಿಯ ಗಾಜೂ ದ್ರವವೇ, ಹಳೇ ಚರ್ಚುಗಳ ಗಾಜು ಇಳಿದು ಇಳಿದು ಕೆಳಗೆ ದಪ್ಪ ಆಗಿದೆಯಂತೆ.

ಲ್ಯಾಬ್_ಅಕ್ಕ:
ಅದು ಕಟ್ಟುಕತೆ. ಆ ಕಾಲದ ಗಾಜಿನ ಹಾಳೆ ತಯಾರಾಗುವಾಗಲೇ ಏರುಪೇರು ಇರುತ್ತಿತ್ತು. ಮೇಲೆ ದಪ್ಪ ಇರುವ ಗಾಜುಗಳೂ ಸಿಕ್ಕಿವೆ. ಕೋಣೆಯ ಶಾಖದಲ್ಲಿ ಗಾಜು ಹರಿಯುವುದಕ್ಕೆ ಚರ್ಚಿನ ವಯಸ್ಸು ಏನೇನೂ ಸಾಲದು.

ನಿಜವಾಗಿ ಹರಿಯುವ ‘ಕಲ್ಲು’ ಬೇಕಾ? ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿದೆ. ಥಾಮಸ್ ಪಾರ್ನೆಲ್ ಅನ್ನುವ ಪ್ರೊಫೆಸರ್ 1927ರಲ್ಲಿ ಟಾರಿನ ಜಾತಿಯ ಪಿಚ್ ಕಾಯಿಸಿ, ಬುಡ ಮುಚ್ಚಿದ ಗಾಜಿನ ಆಲಿಕೆಗೆ ಸುರಿದ. ಕೂರಲು ಮೂರು ವರ್ಷ ಬಿಟ್ಟು 1930ರಲ್ಲಿ ಬುಡ ಕತ್ತರಿಸಿದ. ಸುತ್ತಿಗೆಯಿಂದ ಹೊಡೆದರೆ ಗಾಜಿನ ಹಾಗೆ ಪುಡಿಯಾಗುವ ವಸ್ತು ಅದು. 2014ರ ತನಕ ಬಿದ್ದದ್ದು ಒಂಬತ್ತು ಹನಿ. ಸ್ನಿಗ್ಧತೆ ನೀರಿನ ಸುಮಾರು 23,000 ಕೋಟಿ ಪಟ್ಟು ಅಂತ ಲೆಕ್ಕ ಹಾಕಿದ್ದಾರೆ. 1988ರಲ್ಲಿ ಹನಿ ಬೀಳುವಾಗ ಕಾಯುತ್ತಿದ್ದವರು ಏನೋ ಕುಡಿಯೋಕೆ ಅಂತ ಎದ್ದು ಹೋಗಿದ್ದರು. 2000ದಲ್ಲಿ ಕ್ಯಾಮೆರಾ ಕೈಕೊಟ್ಟಿತು.

ನಮ್ಮ ವಿಷಯಕ್ಕೆ ಬೇಕಾದ ಭಾಗ ಇದು. ಮೊದಲ ಏಳು ಹನಿಗಳಿಗೆ ಒಂದೊಂದಕ್ಕೂ ಏಳರಿಂದ ಒಂಬತ್ತು ವರ್ಷ ಹಿಡಿಯುತ್ತಿತ್ತು. ಆಮೇಲೆ ಕಟ್ಟಡಕ್ಕೆ ಎಸಿ ಬಂತು. ಎಂಟನೆಯದಕ್ಕೆ ಹನ್ನೆರಡು ವರ್ಷ, ಒಂಬತ್ತನೆಯದಕ್ಕೆ ಹದಿಮೂರು.

ಗ್ರೀಸ್_ಕೈ:
ಎಸಿಯಿಂದ ಹನಿಗೆ ನಾಲ್ಕು ವರ್ಷ ಲೇಟು. ಇಷ್ಟು ದಿನದಲ್ಲಿ ಕೇಳಿದ ಬೆಸ್ಟ್ ಕತೆ ಇದು.

ಕುತೂಹಲಿ_22:
ಅಕ್ಕನ ಕತೆಗೆ ನಮಸ್ಕಾರ. ಆದರೆ ನನ್ನ ಗಾಳಿ ಅಲ್ಲೇ ಉಳಿಯಿತು. ಬಿಸಿ ಗಾಳಿ ಸೂಜಿಯಲ್ಲಿ ನಿಧಾನ ಹೋಗಬೇಕು ತಾನೇ? ಅಳೆದು ನೋಡಬಹುದಾ, ಇಲ್ಲ ಇದು ಬರೀ ಪುಸ್ತಕದ ಮಾತಾ?

ಪೈಪ್_ಲೈನ್:
ಅಳೆಯಬಹುದು. ನಮ್ಮಲ್ಲಿ ಫಿಲ್ಟರ್ ಹಿಂದೆ ಇರುವ ಬ್ಲೋವರ್‌ಗಳಿಗೆ ಇದು ದಿನದ ತಲೆನೋವು. ಗಾಳಿ ಬಿಸಿಯಾದರೆ ಎರಡು ಕಡೆಯಿಂದ ಹೊಡೆತ. 20ರಿಂದ 100 ಡಿಗ್ರಿಗೆ ಹೋದರೆ ಸ್ನಿಗ್ಧತೆ ಸುಮಾರು ಐದರಲ್ಲೊಂದು ಪಾಲು ಏರುತ್ತೆ. ಜೊತೆಗೆ ಗಾಳಿ ಹಿಗ್ಗಿ ಸಾಂದ್ರತೆ ಐದರಲ್ಲೊಂದು ಪಾಲು ಇಳಿಯುತ್ತೆ. ಅಷ್ಟೇ ಒತ್ತಡಕ್ಕೆ ಸಣ್ಣ ಸಂದಿಯಲ್ಲಿ ದಾಟುವ ಗಾಳಿಯ ತೂಕ ಮೂರನೇ ಒಂದು ಭಾಗ ಕಡಿಮೆ. ನಿಮಗೆ ಸೂಜಿಯನ್ನು ಮಾತ್ರ ಬಿಸಿ ಮಾಡುವ ದಾರಿ ಸಿಕ್ಕರೆ ಸಾಕು. ದಂಡ ತನ್ನ ತೂಕಕ್ಕೇ ಇಳಿಯುವ ಗಾಜಿನ ಸಿರಿಂಜ್ ಬೇಕು, ಪ್ಲಾಸ್ಟಿಕ್‌ದರ ರಬ್ಬರ್ ಬಿಗಿ ಹಿಡಿದುಕೊಳ್ಳುತ್ತೆ.

ಪಾಠದ_ಮೇಷ್ಟ್ರು:
ಅಳೆಯುವ ಮುಂಚೆ ಒಂದು ಮಾತು. ಗಾಳಿಯ ಸ್ನಿಗ್ಧತೆಯನ್ನು ಹಗುರವಾಗಿ ತಗೋಬೇಡಿ. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ಮಿಲಿಕನ್ ಎಣ್ಣೆಯ ಹನಿಗಳು ಗಾಳಿಯಲ್ಲಿ ಎಷ್ಟು ನಿಧಾನ ಬೀಳುತ್ತವೆ ಅಂತ ನೋಡಿ ಎಲೆಕ್ಟ್ರಾನಿನ ವಿದ್ಯುದಂಶ ಲೆಕ್ಕ ಹಾಕಿದ್ದು ಗೊತ್ತಲ್ಲ? 1913ರಲ್ಲಿ ಅವನು ಕೊಟ್ಟ ಅಂಕಿ ಈಗಿನದ್ದಕ್ಕಿಂತ ನೂರಕ್ಕೆ ಒಂದಕ್ಕೂ ಕಡಿಮೆ ತಪ್ಪು. ಆ ಚೂರು ತಪ್ಪಿಗೆ ಮುಖ್ಯ ಕಾರಣ, ಗಾಳಿಯ ಸ್ನಿಗ್ಧತೆಗೆ ಅವನು ಬಳಸಿದ ಅಂಕಿ ಸ್ವಲ್ಪ ಕಡಿಮೆ ಇದ್ದದ್ದು.

ಕುತೂಹಲಿ_22:
ಹತ್ತು ದಿನ ಬಿಟ್ಟು ಬಂದೆ. ಮಾಡಿದೆ.

20 ಎಂಎಲ್‌ನ ಹಳೇ ಗಾಜಿನ ಸಿರಿಂಜ್ ಸಿಕ್ಕಿತು. ಸಿಕ್ಕಿದ್ದರಲ್ಲಿ ಅತಿ ಸಣ್ಣ ಸೂಜಿ ಹಾಕಿದೆ. ಪ್ಲಾಸ್ಟಿಕ್ ಲೋಟದ ತಳಕ್ಕೆ ಸೂಜಿ ಚುಚ್ಚಿ, ತುದಿ ಮಾತ್ರ ಕೆಳಗೆ ಇಣುಕುವ ಹಾಗೆ ನಿಲ್ಲಿಸಿದೆ. ಲೋಟಕ್ಕೆ ಬಿಸಿನೀರು ಹಾಕಿದರೆ ಸೂಜಿ ಮಾತ್ರ ಕಾಯುತ್ತೆ, ಮೇಲಿನ ಸಿರಿಂಜ್ ತಣ್ಣಗಿರುತ್ತೆ. ದಂಡವನ್ನು 20ರ ಗೆರೆಗೆ ಎಳೆದು ಬಿಟ್ಟರೆ ತನ್ನ ಭಾರಕ್ಕೆ ತಾನೇ ಇಳಿಯುತ್ತೆ.

ಮೊದಲ ದಿನ ದಂಡ ಅಲ್ಲಾಡಲೇ ಇಲ್ಲ. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು, ಲೋಟ ಚುಚ್ಚುವಾಗ ಪ್ಲಾಸ್ಟಿಕ್ ಚೂರು ಸೂಜಿಯ ಬಾಯಿಗೆ ಸಿಕ್ಕಿಕೊಂಡಿತ್ತು. ಬೇರೆ ಮೊಳೆಯಿಂದ ತೂತು ಮಾಡಿ ಹೊಸ ಸೂಜಿ ತೂರಿಸಿ ಸುತ್ತ ಮೇಣ ಮೆತ್ತಿದೆ. ಎರಡನೇ ದಿನ ದಂಡ ಒದ್ದೆ ಇತ್ತು, ಅಲ್ಲಲ್ಲಿ ಅಂಟಿ ನಿಂತು ನಿಂತು ಇಳಿಯಿತು. ಒರೆಸಿ ಒಣಗಿಸಿದೆ.

ಲೋಟದಲ್ಲಿ ಕೋಣೆಯ ನೀರು ಇದ್ದಾಗ 1 ನಿಮಿಷ 40, 1 ನಿಮಿಷ 41, 1 ನಿಮಿಷ 39.

ಕುದಿಯುವ ನೀರು ಹಾಕಿದಾಗ ಮೇಣ ಕರಗಿ ಎಲ್ಲಾ ಸೋರಿತು. ಮೇಣದ ಬದಲು ರಬ್ಬರ್ ವಾಷರ್ ಹಾಕಿ ಮತ್ತೆ ಮಾಡಿದೆ. 2 ನಿಮಿಷ 12. 2 ನಿಮಿಷ 14. 2 ನಿಮಿಷ 9, ಅಷ್ಟೊತ್ತಿಗೆ ನೀರು ಸ್ವಲ್ಪ ಆರಿತ್ತು.

ಅಚ್ಚಿನ ತಪ್ಪಲ್ಲ.

ಸುಮ್ನೆ_ಓದೋನು:
ನನ್ನ ಮೊದಲ ಕಾಮೆಂಟ್ ಡಿಲೀಟ್ ಮಾಡೋದು ಹೇಗೆ ಯಾರಾದರೂ ಹೇಳಿ.

ಪೈಪ್_ಲೈನ್:
ಲೆಕ್ಕದ ಪ್ರಕಾರ ಇನ್ನೂ ಸ್ವಲ್ಪ ಜಾಸ್ತಿ ಬರಬೇಕಿತ್ತು. ಸೂಜಿಯ ಎರಡು ತುದಿ ನೀರಿನಿಂದ ಹೊರಗೆ ಉಳಿದಿದೆಯಲ್ಲ, ಅಲ್ಲಿ ಅಷ್ಟು ಕಾದಿರಲ್ಲ. ಅದೇ ಲೋಟಕ್ಕೆ ಮಂಜುಗಡ್ಡೆ ನೀರು ಹಾಕಿ ಒಂದು ಸಲ ನೋಡಿ, 1 ನಿಮಿಷ 30ರ ಆಸುಪಾಸಿಗೆ ಇಳಿಯಬೇಕು.

ಕುತೂಹಲಿ_22:
ಮಂಜುಗಡ್ಡೆ ಇಟ್ಟಿದ್ದೇನೆ. ವಾಷರ್ ತಣ್ಣಗಾದಾಗ ಕುಗ್ಗಿ ಹನಿಹನಿ ಸೋರುತ್ತಿದೆ, ಅದನ್ನು ಮೊದಲು ನಿಲ್ಲಿಸಬೇಕು.